ಉದ್ದ ಗೋಡೆಗೆ ಆಸರೆ ಬೇಕು

ಒಂದು ಪೋಸ್ಟ್‌ಕಾರ್ಡನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಿ. ನಿಲ್ಲುವುದಿಲ್ಲ. ಅದನ್ನೇ ನಡುವೆ ಮಡಿಸಿ ನಿಲ್ಲಿಸಿ, ಊದಿದರೂ ಬೇಗ ಬೀಳುವುದಿಲ್ಲ. ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಸ್ವಂತ ಮನೆ ಕಟ್ಟಿಸುವ ಹಿರಿಯರು ಗೌಂಡಿಯನ್ನು ಕರೆಯುವ ಮುಂಚೆ ಮಕ್ಕಳಿಂದ ಈ ಪ್ರಯೋಗ ಮಾಡಿಸಿದರೆ ಒಳ್ಳೆಯದು.

ಬೀದರ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಕೆಲವೆಡೆ ಕೆಂಪು ಜಂಬಿಟ್ಟಿಗೆ, ಕೆಲವೆಡೆ ಕರಿಗಲ್ಲು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ; ಬೇಸಿಗೆಗೆ ತಂಪು. ಗೋಡೆ ದಪ್ಪಗಿದ್ದಷ್ಟೂ ಮನೆ ಗಟ್ಟಿ ಎಂಬುದು ಹಳೆಯ ನಂಬಿಕೆ.

ಆ ನಂಬಿಕೆ ಎಷ್ಟು ಪೊಳ್ಳೆಂಬುದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗೊತ್ತಾಯಿತು. ಬಸವಕಲ್ಯಾಣದಿಂದ ಗಡಿ ದಾಟಿದರೆ ಸಿಗುವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಇಂಥವೇ ಗೋಡೆ, ಮಾಳಿಗೆಗಳು ಕುಸಿದವು. ಆ ಭೂಕಂಪದಲ್ಲಿ ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ.

ಆ ಗೋಡೆಗಳು ಹೊರನೋಟಕ್ಕೆ ಒಂದು, ಒಳಗೆ ಎರಡು. ಹೊರಮೈಗೊಂದು ಕಲ್ಲಿನ ಸಾಲು, ಒಳಮೈಗೊಂದು ಸಾಲು, ನಡುವೆ ಮಣ್ಣು, ಚೂರುಗಲ್ಲು. ನೆಲ ಅಲುಗಿದೊಡನೆ ಎರಡೂ ಸಾಲು ಬೇರೆಬೇರೆಯಾಗಿ ಉಬ್ಬಿ ಉರುಳಿದವು. ಅಡ್ಡಗೋಡೆಯ ಹಿಡಿತವಿಲ್ಲದ ಉದ್ದ ಗೋಡೆಯಂತೂ ನಡುವಿನಲ್ಲಿ ಹೊರಕ್ಕೆ ಬಾಗುತ್ತದೆ, ಮಡಿಸದ ಪೋಸ್ಟ್‌ಕಾರ್ಡಿನ ಹಾಗೆ.

ಇದಕ್ಕೆ ಎಂಜಿನಿಯರುಗಳು ಹೇಳುವ ಉಪಾಯ ದುಬಾರಿಯದಲ್ಲ. ಕಲ್ಲುಗೋಡೆ ಒಂದೂವರೆ ಅಡಿಗಿಂತ ದಪ್ಪ ಬೇಡ. ಎರಡು ಅಡ್ಡಗೋಡೆಗಳ ನಡುವೆ 5 ಮೀಟರಿಗಿಂತ ಹೆಚ್ಚು ಉದ್ದ ಬಿಡಬಾರದು. ಬಿಡಲೇಬೇಕಾದರೆ ಬುನಾದಿಯಿಂದಲೇ ಎಬ್ಬಿಸಿದ ಆನಿಕೆ ಕಂಬಗಳು 4 ಮೀಟರಿನೊಳಗೆ ಒಂದರಂತೆ ಇರಲಿ. ಗೋಡೆಯ ಪೂರ್ತಿ ದಪ್ಪಕ್ಕೂ ಹಾಯುವ ಉದ್ದಗಲ್ಲುಗಳನ್ನು ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ನಾಲ್ಕು ಅಡಿಯೊಳಗೆ ಕೂರಿಸಬೇಕು. ಬಾಗಿಲು-ಕಿಟಕಿಗಳ ಮೇಲೆ ಮನೆಯ ಸುತ್ತ ಎಲ್ಲೂ ತುಂಡಾಗದ ಕಾಂಕ್ರೀಟ್ ಪಟ್ಟಿ ಹಾಯಬೇಕು. ಅದು ಗೋಡೆಗಳಿಗೆಲ್ಲ ಉಡಿದಾರವಿದ್ದಂತೆ. ಬಾಗಿಲ ಮೇಲಷ್ಟೇ ಲಿಂಟಲ್ ಹಾಕಿ ಪಟ್ಟಿ ಹಾಕಿದೆವೆಂದುಕೊಳ್ಳುವವರೇ ಹೆಚ್ಚು!

ಕೈಯಲ್ಲಿ ದುಡ್ಡು ಬಂದಂತೆ ಒಂದೊಂದೇ ಕೋಣೆ ಸೇರಿಸುವವರಿಗೆ ಇನ್ನೊಂದು ಮಾತು. ಹೊಸ ಗೋಡೆಯನ್ನು ಹಳೆಯದಕ್ಕೆ ಒತ್ತಿ ನಿಲ್ಲಿಸಿದರೆ ಸಾಲದು. ಮೂಲೆಯಲ್ಲಿ ಎರಡರ ಕಲ್ಲುಗಳೂ ಒಂದರೊಳಗೊಂದು ಹೆಣೆದುಕೊಂಡಿರಬೇಕು. ಗಿಲಾವು ಮುಗಿದ ಮೇಲೆ ಈ ತಪ್ಪು ಯಾರ ಕಣ್ಣಿಗೂ ಬೀಳದು.

ಹಳೆಯ ಮನೆಯಲ್ಲಿರುವವರು ಉದ್ದ ಗೋಡೆಗೆ ಒಂದು ದಾರ ಹಿಡಿದು ನೋಡಬಹುದು. ನಡುವೆ ಹೊಟ್ಟೆ ಬಂದಿದ್ದರೆ, ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ಸೀಳು ಬಿಟ್ಟಿದ್ದರೆ, ತಿಳಿದ ಎಂಜಿನಿಯರಿಗೆ ತೋರಿಸಬೇಕು. ಅಲ್ಲಿಯವರೆಗೆ ಮಕ್ಕಳ ಹಾಸಿಗೆ ಆ ಗೋಡೆಯ ಬದಿಗೆ ಬೇಡ.