ರೊಟ್ಟಿ, ಅನ್ನ ಕಡಿಮೆ ಮಾಡಿದ ಮೊದಲ ವಾರ: ತಲೆನೋವು, ಸುಸ್ತು ಏಕೆ?

ಹುಲಗೂರು, ಶಿಗ್ಗಾವಿ, ಸವಣೂರು, ಹಾನಗಲ್ ಕಡೆಯ ಮನೆಗಳಲ್ಲಿ ಊಟವೆಂದರೆ ಜೋಳದ ರೊಟ್ಟಿ, ಪಲ್ಲೆ, ಕೊನೆಗೆ ಅನ್ನ ಸಾರು. ನೆಂಟರು ಬಂದ ದಿನ ಬಿರಿಯಾನಿ, ಹಬ್ಬಕ್ಕೆ ಶೀರ್ ಖುರ್ಮಾ. ದಿನಕ್ಕೆ ನಾಲ್ಕೈದು ಸಲ ಸಕ್ಕರೆ ಹಾಕಿದ ಚಹಾ, ಅದರ ಜೊತೆಗೆ ಮಂಡಕ್ಕಿಯೋ ಸವಣೂರಿನ ಖಾರವೋ ಇದ್ದೇ ಇರುತ್ತದೆ. ಇಂಥ ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂದರೆ ಅಥವಾ ತೂಕ ಹೆಚ್ಚಿದರೆ ಈಗ ಎಲ್ಲರ ಬಾಯಲ್ಲೂ ಒಂದೇ ಸಲಹೆ: "ರೊಟ್ಟಿ, ಅನ್ನ ಬಿಟ್ಟುಬಿಡಿ, ಬರೀ ಮೊಟ್ಟೆ, ಮಾಂಸ, ಪಲ್ಲೆ ತಿನ್ನಿ." ಮೊಬೈಲಿನಲ್ಲಿ ವಿಡಿಯೊ ನೋಡಿ ಮರುದಿನವೇ ಶುರು ಮಾಡುವವರಿದ್ದಾರೆ.

ಎರಡು ಮೂರು ದಿನಗಳಲ್ಲಿ ತಲೆನೋವು ಬರುತ್ತದೆ. ಕೈಕಾಲು ಸೋಲುತ್ತವೆ, ರಾತ್ರಿ ಮೀನಖಂಡ ಹಿಡಿಯುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಕೆಲವರು "ಇದು ನಮ್ಮ ಮೈಗೆ ಒಗ್ಗುವುದಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಹಟ ಹಿಡಿದು, ಹಳೆಯ ಮಾತ್ರೆಗಳನ್ನು ಹಾಗೆಯೇ ನುಂಗುತ್ತಾ ಮುಂದುವರಿಸುತ್ತಾರೆ. ಎರಡೂ ಸರಿಯಲ್ಲ. ಈ ತೊಂದರೆಗಳಲ್ಲಿ ಹೆಚ್ಚಿನವು ದೇಹದಿಂದ ನೀರು ಮತ್ತು ಉಪ್ಪು ಹೊರಹೋಗುವುದರಿಂದ ಬರುವಂಥವು. ಅವನ್ನು ಅಡುಗೆಮನೆಯಲ್ಲೇ ಸರಿಪಡಿಸಬಹುದು. ಆದರೆ ಸಕ್ಕರೆ ಕಾಯಿಲೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಇದೇ ಮೊದಲ ವಾರ ಅಪಾಯದ್ದೂ ಆಗಬಹುದು. ಯಾವುದು ಸಹಜ, ಯಾವುದು ಅಪಾಯ ಎಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು.

ನಮ್ಮ ತಟ್ಟೆಯಲ್ಲಿ ಇರುವುದೆಷ್ಟು?

ಅನ್ನ, ರೊಟ್ಟಿ, ಚಪಾತಿ, ಅವಲಕ್ಕಿ, ಸಕ್ಕರೆ, ಬೆಲ್ಲ ಇವೆಲ್ಲವುಗಳಲ್ಲಿ ಮುಖ್ಯವಾಗಿ ಇರುವುದು ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಅಧ್ಯಯನವೊಂದರ ವರದಿಗಳು ಇಲ್ಲಿ ಗಮನಾರ್ಹ. 2023ರಲ್ಲಿ ಪ್ರಕಟವಾದ ವರದಿಯಂತೆ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. 2025ರ ವರದಿಯ ಪ್ರಕಾರ ನಾವು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ಇದು ಸುಮಾರು 310 ಗ್ರಾಂ.

ಜೋಳ ಸಕ್ಕರೆ ಕಾಯಿಲೆಗೆ ಒಳ್ಳೆಯದು, ಎಷ್ಟು ತಿಂದರೂ ನಡೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಜೋಳದಲ್ಲಿ ನಾರು ಹೆಚ್ಚು ಎಂಬುದು ನಿಜ. ಆದರೆ 60 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯ ತಿಂದರಷ್ಟೇ ಸಾಲದು, ಒಟ್ಟು ಪ್ರಮಾಣವೂ ಇಳಿಯಬೇಕು ಎಂದು 2025ರ ವರದಿಯೂ ಹೇಳಿದೆ.

ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಇರುವ ಊಟವನ್ನು ಲೋ ಕಾರ್ಬ್ ಆಹಾರ ಎನ್ನುತ್ತಾರೆ. 50 ಗ್ರಾಂಗಿಂತಲೂ ಕೆಳಗಿಳಿದರೆ ಅದು ಕೀಟೋ ಆಹಾರ. 310 ಗ್ರಾಂನಿಂದ ಒಂದೇ ದಿನದಲ್ಲಿ 50ಕ್ಕೆ ಇಳಿದರೆ ದೇಹ ತತ್ತರಿಸುವುದು ಸಹಜ.

ದೇಹದೊಳಗೆ ಆಗುವುದೇನು?

ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು 500 ಗ್ರಾಂನಷ್ಟು ಸಕ್ಕರೆ ಗ್ಲೈಕೋಜನ್ ಎಂಬ ರೂಪದಲ್ಲಿ ಶೇಖರವಾಗಿರುತ್ತದೆ. ಅದರ ಪ್ರತಿ ಗ್ರಾಂ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ರೊಟ್ಟಿ, ಅನ್ನ ನಿಂತಾಗ ದೇಹ ಈ ಶೇಖರಣೆಯನ್ನು ಬಳಸುತ್ತದೆ, ನೀರು ಮೂತ್ರವಾಗಿ ಹೊರಹೋಗುತ್ತದೆ. ಮೊದಲ ವಾರದಲ್ಲಿ ಒಂದೆರಡು ಕಿಲೋ ತೂಕ ಇಳಿಯುವುದು ಬಹುಮಟ್ಟಿಗೆ ಈ ನೀರಿನಿಂದಲೇ. ಅದು ಕೊಬ್ಬು ಕರಗಿದ್ದಲ್ಲ. ಎರಡು ದಿನ ಬಿರಿಯಾನಿ ತಿಂದರೆ ಅಷ್ಟೂ ತೂಕ ಮರಳಿ ಬರುತ್ತದೆ.

ಇದರ ಜೊತೆಗೆ ರಕ್ತದಲ್ಲಿ ಇನ್ಸುಲಿನ್ ಮಟ್ಟ ಇಳಿಯುತ್ತದೆ. ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಳ್ಳಲು ಇನ್ಸುಲಿನ್ ನೆರವಾಗುತ್ತದೆ. ಅದು ಇಳಿದಾಗ ಉಪ್ಪು ಹೆಚ್ಚಾಗಿ ಹೊರಹೋಗುತ್ತದೆ, ಹಿಂದೆಯೇ ಪೊಟ್ಯಾಸಿಯಂ ಕೂಡ. ತಲೆನೋವು, ತಲೆಸುತ್ತು, ಎದೆಬಡಿತ, ಸ್ನಾಯುಸೆಳೆತಕ್ಕೆ ಮುಖ್ಯ ಕಾರಣ ಇದೇ. ಸಕ್ಕರೆಯ ಬದಲು ಕೊಬ್ಬನ್ನು ಉರಿಸಲು ದೇಹಕ್ಕೆ ಕೆಲವು ದಿನ ಬೇಕಾಗುವುದರಿಂದ ಸುಸ್ತು, ಮಂಕು ಕವಿದಂತಾಗುವುದು, ಸಿಹಿಯ ಆಸೆ ಇವೂ ಇರುತ್ತವೆ. ಸಾಮಾನ್ಯವಾಗಿ ಇವೆಲ್ಲ ಎರಡು ಮೂರನೆಯ ದಿನ ಶುರುವಾಗಿ ಒಂದೆರಡು ವಾರಗಳಲ್ಲಿ ತಣ್ಣಗಾಗುತ್ತವೆ.

ಯಾವ ತೊಂದರೆಗೆ ಏನು ಮಾಡಬೇಕು?

ತಲೆನೋವು, ತಲೆಸುತ್ತು: ಬಾಯಾರಿಕೆಗಾಗಿ ಕಾಯದೆ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಿರಿ. ಬರೀ ನೀರು ಸಾಲದು, ಉಪ್ಪೂ ಬೇಕು. ಚಿಟಿಕೆ ಉಪ್ಪು, ಜೀರಿಗೆ ಹಾಕಿದ ನೀರು ಮಜ್ಜಿಗೆ, ಎಲುಬಿನ ಸೂಪು, ಪಾಯಾದ ತಿಳಿ ಒಳ್ಳೆಯವು. ಬಿಪಿ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಬಾರದು. ಸಜ್ದಾದಿಂದ ಏಳುವಾಗ, ಮುಂಜಾನೆ ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲೆ ಬಂದರೆ ನಿಧಾನವಾಗಿ ಏಳಬೇಕು. ವಯಸ್ಸಾದವರಾದರೆ ಹತ್ತಿರ ಒಬ್ಬರಿರಲಿ.

ಸ್ನಾಯುಸೆಳೆತ: ಮೆಂತ್ಯ, ಪಾಲಕ, ಪುಂಡಿಪಲ್ಲೆ, ಹಕ್ಕರಿಕೆ, ಶೇಂಗಾ, ಎಳ್ಳು ಇವುಗಳಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಸಿಗುತ್ತವೆ. ಮಲಗುವ ಮೊದಲು ಕಾಲನ್ನು ಚಾಚಿ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಂಡರೆ ಸೆಳೆತ ಸಡಿಲವಾಗುತ್ತದೆ.

ಮಲಬದ್ಧತೆ: ರೊಟ್ಟಿ ಕಡಿಮೆಯಾದಾಗ ನಾರೂ ಕಡಿಮೆಯಾಗುತ್ತದೆ. ಬರೀ ಮಾಂಸ, ಮೊಟ್ಟೆ ತಿನ್ನುವವರಿಗೆ ಈ ಕಾಟ ತಪ್ಪದು. ತಟ್ಟೆಯ ಅರ್ಧ ಭಾಗ ಪಲ್ಲೆ ಮತ್ತು ಹಸಿ ತರಕಾರಿ ಇರಲಿ. ಸೌತೆಕಾಯಿ, ಮೂಲಂಗಿ, ಬದನೆಕಾಯಿ, ಹೀರೇಕಾಯಿ ಎಲ್ಲವೂ ನಡೆಯುತ್ತವೆ. ಒಂದು ಚಮಚ ಅಗಸಿ ಚಟ್ನಿಯೂ ಸಹಾಯಕ.

ಬಾಯಿ ವಾಸನೆ: ಕೊಬ್ಬು ಉರಿದಾಗ ಹುಟ್ಟುವ ಅಸಿಟೋನ್ ಉಸಿರಿನಲ್ಲಿ ಹೊರಬರುತ್ತದೆ. ನೀರು ಹೆಚ್ಚು ಕುಡಿಯುವುದು, ಹಲ್ಲು ಮತ್ತು ನಾಲಿಗೆ ಶುಚಿಯಾಗಿಡುವುದು, ಲವಂಗ ಅಥವಾ ಏಲಕ್ಕಿ ಬಾಯಲ್ಲಿಟ್ಟುಕೊಳ್ಳುವುದು ಸಾಕು. ವಾಸನೆ ಹೋಗಲೆಂದು ಸವಣೂರಿನ ಎಲೆಗೆ ಅಡಿಕೆ, ತಂಬಾಕು ಸೇರಿಸಿ ಅಗಿಯುವುದು ಸಣ್ಣ ತೊಂದರೆ ಕಳೆಯಲು ಹೋಗಿ ಬಾಯಿ ಕ್ಯಾನ್ಸರನ್ನು ಕರೆದಂತೆ.

ಸುಸ್ತು: ರೊಟ್ಟಿ, ಎಣ್ಣೆ ಎರಡನ್ನೂ ಒಟ್ಟಿಗೆ ಬಿಟ್ಟರೆ ಅದು ಬರೀ ಹಸಿವು. ರೊಟ್ಟಿ ಕಡಿಮೆಯಾದ ಜಾಗಕ್ಕೆ ಮೊಟ್ಟೆ, ಕೋಳಿ, ಮೀನು, ಪನ್ನೀರು, ಮೊಸರು, ಕಾಳು ಬರಬೇಕು. ಮೊದಲೆರಡು ವಾರ ಹೊಲದ ಭಾರೀ ಕೆಲಸ, ಬಿಸಿಲಿನ ಓಡಾಟ ಸ್ವಲ್ಪ ಕಡಿಮೆಯಿರಲಿ.

ಮೆಟ್ಟಿಲಿಳಿದಂತೆ ಇಳಿಯಿರಿ

ಇಷ್ಟೆಲ್ಲ ತೊಂದರೆ ತಪ್ಪಿಸಲು ಸುಲಭ ದಾರಿ ನಿಧಾನವಾಗಿ ಇಳಿಯುವುದು. ಮೊದಲ ವಾರ ಚಹಾದ ಸಕ್ಕರೆ, ಬೇಕರಿ ತಿನಿಸು, ತಂಪು ಪಾನೀಯ ಬಿಡಿ. ಬೆಲ್ಲವೂ ಸಕ್ಕರೆಯೇ ಎಂಬುದು ನೆನಪಿರಲಿ. ಎರಡನೆಯ ವಾರ ಅನ್ನವನ್ನು ಅರ್ಧಕ್ಕಿಳಿಸಿ, ಮೂರು ರೊಟ್ಟಿ ತಿನ್ನುವವರು ಎರಡಕ್ಕೆ ಬನ್ನಿ. ಮೂರನೆಯ ವಾರ ಹೊತ್ತಿಗೊಂದು ರೊಟ್ಟಿ, ಜೊತೆಗೆ ಎರಡು ಪಟ್ಟು ಪಲ್ಲೆ ಮತ್ತು ಹೆಸರುಕಾಳು ಅಥವಾ ಮಡಕಿಕಾಳು. ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತದೆ, ಕೀಟೋ ತನಕ ಹೋಗುವ ಅಗತ್ಯವೇ ಇಲ್ಲ. ಹುಲಗೂರಿನ ಉರೂಸೋ ಮನೆಯ ಮದುವೆಯೋ ಬಂದಾಗ ಒಂದು ಹೊತ್ತು ಹೆಚ್ಚು ತಿಂದರೆ ಎಲ್ಲವೂ ಹಾಳಾಯಿತೆಂದು ಬಿಡಬೇಡಿ, ಮುಂದಿನ ಹೊತ್ತಿನಿಂದ ಮತ್ತೆ ಹಿಡಿಯಿರಿ.

ಮಾತ್ರೆ ನುಂಗುವವರೇ, ಎಚ್ಚರ

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ಮತ್ತು ಇನ್ಸುಲಿನ್ ನೀವು ರೊಟ್ಟಿ ತಿಂದರೂ ಬಿಟ್ಟರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಊಟ ಕಡಿಮೆಯಾಗಿ ಮಾತ್ರೆ ಅಷ್ಟೇ ಇದ್ದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ತೀವ್ರ ಹಸಿವು, ತೊದಲು ಮಾತು ಇದರ ಲಕ್ಷಣ. ಇದನ್ನು "ಡಯಟ್ ಮಾಡಿದ ಸುಸ್ತು" ಎಂದು ಮಲಗಿಸಿದರೆ ಪ್ರಾಣಕ್ಕೇ ಅಪಾಯ. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಅಪಾಯವಿದೆ. ಊಟದಲ್ಲಿ ಪಿಷ್ಟ ತೀರಾ ಕಡಿಮೆಯಾದರೆ ರಕ್ತದಲ್ಲಿ ಆಮ್ಲ ಏರಬಹುದು. ಆಗ ಸಕ್ಕರೆಯ ಮಟ್ಟ ಹೆಚ್ಚೇನೂ ಏರದೆ ಇರಬಹುದು, ಹಾಗಾಗಿ ಮನೆಯ ಮೀಟರನ್ನು ನಂಬಿ ಕೂರಬಾರದು. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ಇದ್ದವರಿಗೆ ಬಿಪಿ ಅತಿಯಾಗಿ ಇಳಿದು ಬೀಳುವ ಭಯವಿದೆ. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಊಟ ಬದಲಿಸುವ ಮೊದಲೇ ಚೀಟಿ, ಮಾತ್ರೆ ಎರಡನ್ನೂ ವೈದ್ಯರಿಗೆ ತೋರಿಸಿ, ಪ್ರಮಾಣವನ್ನು ಅವರಿಂದಲೇ ನಿಗದಿ ಮಾಡಿಸಿ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೊದಲಿನಿಂದಲೂ ಇನ್ಸುಲಿನ್ ಮೇಲೆಯೇ ಇರುವ ಟೈಪ್ 1 ರೋಗಿಗಳು, ಮೂತ್ರಪಿಂಡದ ಕಾಯಿಲೆಯಿರುವವರು ಈ ಪ್ರಯೋಗಕ್ಕೆ ತಾವಾಗಿ ಇಳಿಯಲೇಬಾರದು.

ರಮಝಾನಿನಲ್ಲಿ ಆರಂಭ ಬೇಡ

ಉಪವಾಸವಿದ್ದಾಗ ಹೇಗಿದ್ದರೂ ಕಡಿಮೆ ತಿನ್ನುತ್ತೇವೆ, ಆಗಲೇ ಶುರು ಮಾಡೋಣ ಎಂದುಕೊಳ್ಳುವವರು ಹಲವರು. ಮೊದಲ ವಾರ ದೇಹಕ್ಕೆ ಬೇಕಾದದ್ದು ನೀರು, ಉಪ್ಪು. ಉಪವಾಸದ ಹಗಲಿನಲ್ಲಿ ಅವೆರಡೂ ಸಿಗುವುದಿಲ್ಲ. ಆದ್ದರಿಂದ ರಮಝಾನಿಗೆ ಎರಡು ತಿಂಗಳು ಮೊದಲೇ ಆರಂಭಿಸಿ, ದೇಹ ಒಗ್ಗಿದ ಮೇಲೆ ಉಪವಾಸ ಹಿಡಿಯುವುದು ಒಳ್ಳೆಯದು. ಒಂದು ಖರ್ಜೂರದಲ್ಲಿ ಸುಮಾರು ಒಂದು ಚಮಚ ಸಕ್ಕರೆಯಷ್ಟು ಸಿಹಿಯಿದೆ. ಇಫ್ತಾರಿಗೆ ಒಂದು ಖರ್ಜೂರ, ನೀರು, ಸೂಪು ಸಾಕು. ಶರಬತ್ತು, ಕರಿದ ತಿಂಡಿ ಬೇಡ. ಸಹರಿಗೆ ಮೊಟ್ಟೆ, ಮೊಸರು, ಪಲ್ಲೆ ಇರಲಿ.

ಯಾವಾಗ ಆಸ್ಪತ್ರೆಗೆ?

ನಿಲ್ಲದ ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು, ಎದೆನೋವು, ಎಚ್ಚರ ತಪ್ಪುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ನುಂಗುತ್ತಿದ್ದೀರಿ, ಊಟ ಎಂದಿನಿಂದ ಬದಲಿಸಿದ್ದೀರಿ ಎಂದು ಮೊದಲೇ ಹೇಳಿ. ಇವ್ಯಾವುವೂ ಇಲ್ಲದೆ ಬರೀ ತಲೆನೋವು, ಸುಸ್ತು ಇದ್ದರೆ ಹೆದರಬೇಡಿ. ಒಂದು ಲೋಟ ಮಜ್ಜಿಗೆ ಕುಡಿಯಿರಿ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ, ಬೇಕಿದ್ದರೆ ಅರ್ಧ ರೊಟ್ಟಿ ಹೆಚ್ಚು ತಿಂದು ಇನ್ನೂ ನಿಧಾನವಾಗಿ ಇಳಿಯಿರಿ. ಎರಡು ವಾರ ಕಳೆದರೂ ತೊಂದರೆ ಹೋಗದಿದ್ದರೆ ವೈದ್ಯರಿಗೆ ತೋರಿಸಿ.