ನಮ್ಮೂರ ಕಾಲೇಜು ಕಟ್ಟಿದ್ದು ಯಾರು, ಫೀಸು ಕಟ್ಟುವುದು ಯಾರು?

ಎಸ್‌ಎಸ್‌ಎಲ್‌ಸಿ ಆಯಿತು, ಮುಂದೆ ಎಂತ? ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಇದನ್ನು ತೀರ್ಮಾನಿಸುವುದು ಮಾರ್ಕು ಮಾತ್ರ ಅಲ್ಲ. ಹತ್ತಿರ ಯಾವ ಕಾಲೇಜು ಉಂಟು, ಫೀಸು ಎಷ್ಟು ಅನ್ನೋದೂ ಹೌದು.

ನಮ್ಮ ಕಡೆ ಕಾಲೇಜು ಕಟ್ಟಲು ಮುಂದೆ ಬಂದದ್ದು ಹೆಚ್ಚಾಗಿ ಊರವರೇ. ಪುತ್ತೂರಿನಲ್ಲಿ 1958ರಲ್ಲಿ ಚರ್ಚ್‌ನ ಆಶ್ರಯದಲ್ಲಿ ಸಂತ ಫಿಲೋಮಿನಾ, 1965ರಲ್ಲಿ ವಿವೇಕಾನಂದ ಕಾಲೇಜು ಶುರುವಾದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜು, 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಈಗ ಕಡಬ ತಾಲೂಕಿನಲ್ಲಿರುವ ಸುಬ್ರಹ್ಮಣ್ಯದ ಕಾಲೇಜನ್ನು ನಡೆಸುವುದು ಕುಕ್ಕೆ ದೇವಸ್ಥಾನ. ಬೆಟ್ಟಂಪಾಡಿ, ಉಪ್ಪಿನಂಗಡಿಯಂಥ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಇವೆ.

ಬಿಕಾಂ ಓದಿದ ನಾನು ಮೊದಲು ನೋಡುವುದು ಸಂಬಳದ ಲೆಕ್ಕ. ಅನುದಾನಿತ ಹುದ್ದೆಗೆ ಸಂಬಳ ಸರ್ಕಾರದ್ದು. ಅನುದಾನ ಇಲ್ಲದ ಕೋರ್ಸಿನಲ್ಲಿ ಅದು ಹೆಚ್ಚಾಗಿ ಮಕ್ಕಳ ಫೀಸಿನಿಂದಲೇ ಬರಬೇಕು. ಒಂದೇ ಗೇಟಿನೊಳಗೆ ಎರಡೂ ಇರಬಹುದು ಮಾರಾಯ್ರೆ! ಹಾಗಾಗಿ ‘ಕಾಲೇಜು ಯಾವುದು’ ಅಂತ ಮಾತ್ರ ಅಲ್ಲ, ‘ಈ ಕೋರ್ಸು ಅನುದಾನಿತವಾ’ ಅಂತಲೂ ಕೇಳಿ.

ತಾಂತ್ರಿಕ ಶಿಕ್ಷಣಕ್ಕೆ ಇನ್ನೊಂದು ದಾರಿ ಉಂಟು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಅಮೆರಿಕದ ಕಮ್ಯುನಿಟಿ ಕಾಲೇಜುಗಳೂ ಹೀಗೆಯೇ: ಎರಡು ವರ್ಷ ಊರಲ್ಲಿ ಕಡಿಮೆ ಖರ್ಚಿನ ಓದು, ಆಮೇಲೆ ವಿಶ್ವವಿದ್ಯಾಲಯ.

ಐಟಿಐಗೆ ಸೇರಿದರೆ ಓದು ಅಲ್ಲಿಗೇ ಮುಗಿಯಿತು ಅನ್ನುವವರಿಗೆ ಇದನ್ನು ಒಮ್ಮೆ ಹೇಳಿ. ಕೈಗೆ ಕೆಲಸವೂ ಬರುತ್ತದೆ, ಮುಂದಿನ ಬಾಗಿಲೂ ತೆರೆದಿರುತ್ತದೆ.