ರಕ್ತಪರೀಕ್ಷೆಯೂ ನುಂಗಿದ ಮಾತ್ರೆಯೂ

ಬೆಳ್ಮಣ್ಣಿನ ನಿವಾಸಿಯೊಬ್ಬರು ರಕ್ತಪರೀಕ್ಷೆಗೆಂದು ಕಾರ್ಕಳಕ್ಕೋ ಉಡುಪಿಗೋ ಮಣಿಪಾಲಕ್ಕೋ ಹೋಗುವರೆನ್ನೋಣ. ರಕ್ತವು ಪ್ರಯೋಗಶಾಲೆಯನ್ನು ಸೇರುತ್ತದೆ. ಅವರು ದಿನವೂ ಸೇವಿಸುವ ಮಾತ್ರೆಗಳ ಸಮಾಚಾರವು ಅನೇಕ ವೇಳೆ ಮನೆಯಲ್ಲಿಯೇ ಉಳಿದುಬಿಡುತ್ತದೆ. ಆ ಸಮಾಚಾರವಿಲ್ಲದೆ ವರದಿಯ ಅಂಕೆಗಳನ್ನು ಸರಿಯಾಗಿ ಅರ್ಥೈಸುವುದು ಕೆಲವೊಮ್ಮೆ ಅಸಾಧ್ಯ.

ಔಷಧಗಳು ಪರೀಕ್ಷೆಯ ಫಲವನ್ನು ಎರಡು ಬಗೆಯಲ್ಲಿ ಬದಲಿಸುತ್ತವೆ. ಮೊದಲನೆಯದರಲ್ಲಿ ರಕ್ತವೇ ಬದಲಾಗುತ್ತದೆ. ಉಬ್ಬಸಕ್ಕೆ ಕೊಡುವ ಪ್ರೆಡ್ನಿಸೋಲೋನ್ ರಕ್ತದ ಸಕ್ಕರೆಯನ್ನು ಏರಿಸಬಲ್ಲದು. ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ವರ್ಗದ ಔಷಧಗಳು ಯೂರಿಕ್ ಆಮ್ಲವನ್ನು ಹೆಚ್ಚಿಸಿ ಪೊಟ್ಯಾಸಿಯಮನ್ನು ತಗ್ಗಿಸಬಲ್ಲವು. ಇಲ್ಲಿ ಅಂಕೆಯು ಸತ್ಯವೇ. ಅದಕ್ಕೆ ಕಾರಣ ಹೊಸ ರೋಗವಲ್ಲ, ಔಷಧ.

ಎರಡನೆಯ ಬಗೆ ಇನ್ನೂ ವಿಚಿತ್ರವಾದುದು. ರಕ್ತವು ಇದ್ದಂತೆಯೇ ಇದ್ದು, ಪರೀಕ್ಷೆಯೇ ಮೋಸಹೋಗುತ್ತದೆ. ಕೂದಲು ಉದುರದಿರಲೆಂದು ಹಲವರು ಸೇವಿಸುವ ಬಯೋಟಿನ್ ಎಂಬ ಬಿ-ಗುಂಪಿನ ಜೀವಸತ್ವವು ಇದಕ್ಕೆ ನಿದರ್ಶನ. ವಯಸ್ಕರಿಗೆ ದಿನಕ್ಕೆ ಸುಮಾರು 30 ಮೈಕ್ರೊಗ್ರಾಮ್ ಸಾಕು. ಕೆಲವು ಮಾತ್ರೆಗಳಲ್ಲಿ 10 ಮಿಲಿಗ್ರಾಮ್, ಎಂದರೆ ಅದರ 300 ಪಟ್ಟಿಗೂ ಮಿಕ್ಕಿ ಇರುತ್ತದೆ. ಥೈರಾಯ್ಡ್ ಪರೀಕ್ಷೆಯ ಅನೇಕ ವಿಧಾನಗಳಲ್ಲಿ ಅಳೆಯಬೇಕಾದ ವಸ್ತುವನ್ನು ಹಿಡಿಯುವ ಪ್ರತಿಕಾಯಕ್ಕೆ ಬಯೋಟಿನನ್ನು ಜೋಡಿಸಿ, ಅದನ್ನು ಸ್ಟ್ರೆಪ್ಟವಿಡಿನ್ ಎಂಬ ಪ್ರೋಟೀನಿಗೆ ಅಂಟಿಸುತ್ತಾರೆ. ರಕ್ತದಲ್ಲಿ ಬಯೋಟಿನ್ ಮಿತಿಮೀರಿದ್ದರೆ ಅಂಟುವ ಸ್ಥಾನಗಳನ್ನು ಅದೇ ಆಕ್ರಮಿಸುತ್ತದೆ. ಉಳಿದುದು ತೊಳೆದುಹೋಗಿ ಯಂತ್ರಕ್ಕೆ ದೊರೆಯುವ ಸಂಕೇತವು ಕ್ಷೀಣಿಸುತ್ತದೆ. ಆಗ ಟಿ.ಎಸ್.ಎಚ್. ಇರುವುದಕ್ಕಿಂತ ಕಡಿಮೆಯೆಂದು ತೋರುತ್ತದೆ. ಟಿ-4ರ ಪರೀಕ್ಷೆಯಲ್ಲಾದರೋ ಸಂಕೇತ ಕ್ಷೀಣಿಸಿದಷ್ಟೂ ಪ್ರಮಾಣ ಹೆಚ್ಚೆಂದು ಲೆಕ್ಕ. ಆದುದರಿಂದ ಅದು ಅಧಿಕವಾಗಿ ಕಾಣುತ್ತದೆ. ಹೀಗೆ ಆರೋಗ್ಯವಂತರೂ ಥೈರಾಯ್ಡ್ ಅತಿಸ್ರಾವದ ರೋಗಿಗಳೆನಿಸಿ, ಬೇಡದ ಚಿಕಿತ್ಸೆಗೆ ಗುರಿಯಾಗಬಹುದು.

ಹೃದಯಾಘಾತವನ್ನು ಗುರುತಿಸುವ ಟ್ರೋಪೊನಿನ್ ಪರೀಕ್ಷೆಯ ಕೆಲವು ವಿಧಾನಗಳಿಗೂ ಇದೇ ತೊಡಕುಂಟು. ಬಯೋಟಿನ್ ಸೇವಿಸುತ್ತಿದ್ದು, ಟ್ರೋಪೊನಿನ್ ತಪ್ಪಾಗಿ ಕಡಿಮೆಯೆಂದು ಕಂಡುಬಂದಿದ್ದ ರೋಗಿಯೊಬ್ಬರು ಮೃತಪಟ್ಟರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಪ್ರಕಟಿಸಿ, ವೈದ್ಯರನ್ನೂ ಪ್ರಯೋಗಶಾಲೆಗಳನ್ನೂ ಎಚ್ಚರಿಸಿತು.

ಹಾಗೆಂದು ಭಯಪಟ್ಟು, ವೈದ್ಯರು ಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸತಕ್ಕದ್ದಲ್ಲ. ಅದರಿಂದ ಇನ್ನೂ ಹೆಚ್ಚಿನ ಕೇಡಾದೀತು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಯೋಟಿನನ್ನು ಬಿಡಬೇಕೆಂದು ತಜ್ಞರು ಸಲಹೆ ಮಾಡುತ್ತಾರೆ. ಪ್ರಮಾಣ ಹೆಚ್ಚಿದ್ದರೆ ಇನ್ನೂ ಹೆಚ್ಚು ದಿನ ಬೇಕಾದೀತು. ಮಾತ್ರೆ, ಟಾನಿಕ್, ನಾಟಿ ಮದ್ದು, ಯಾವುದನ್ನೂ ಬಿಡದೆ ಚೀಟಿಯಲ್ಲಿ ಬರೆದು ರಕ್ತ ಕೊಡುವ ಮೊದಲೇ ತೋರಿಸುವುದು ಲೇಸು. ವರದಿಯ ಅಂಕೆಗೂ ರೋಗಿಯ ಲಕ್ಷಣಕ್ಕೂ ಹೊಂದಿಕೆಯಾಗದಿದ್ದಲ್ಲಿ ವೈದ್ಯರು ಮೊದಲು ನೋಡುವುದು ಆ ಚೀಟಿಯನ್ನೇ.